ಬಿದಿರಿಗೆ ಕಟ್ಟುವ ಚೀಟಿ ಕನ್ನಡದಲ್ಲಿದ್ದರೂ ಆದೀತು

ಏಪ್ರಿಲ್‌ನಲ್ಲಿ ಟೋಕಿಯೊಗೆ ಬಂದು ನಿಶಿ-ಕಸಾಯಿಯಲ್ಲಿ ಮನೆ ಮಾಡಿರುವ ನೀವು, ಮಗಳ ಶಿಶುವಿಹಾರದ ಚೀಲದಲ್ಲಿ ಬಂದ ಒಂದು ಕರಪತ್ರದ ಬಗ್ಗೆ ಕೇಳಿದ್ದೀರಿ. ಗ್ರಂಥಾಲಯದಲ್ಲಿ ನಡೆಯುವ ತನಬಾತ ಹಬ್ಬಕ್ಕೆ ಭಾಷೆ ಬಾರದವರು ಹೋಗಬಹುದೇ, ದುಡ್ಡು ಕೊಡಬೇಕೇ, ಅದೇನಾದರೂ ಪೂಜೆಯೇ, ಹೋದರೆ ಅಲ್ಲಿ ಮಾಡುವುದೇನು ಎಂಬುದು ನಿಮ್ಮ ಪ್ರಶ್ನೆ. ಇದೇ ಎದೊಗಾವ ವಾರ್ಡಿನಲ್ಲಿ ಹದಿನೇಳು ವರ್ಷದಿಂದ ಇದ್ದು ಇಬ್ಬರು ಮಕ್ಕಳನ್ನು ಬೆಳೆಸಿದವಳಾಗಿ ಹೇಳುತ್ತೇನೆ: ಸೆಂದಾಯ್ ನಗರದಲ್ಲಿ ಆಗಸ್ಟ್ 6ರಿಂದ 8ರವರೆಗೆ ನಡೆಯುವ ದೊಡ್ಡ ತನಬಾತವನ್ನು ಇನ್ನೊಂದು ವರ್ಷ ನೋಡಿದರಾಯಿತು, ಈ ವರ್ಷ ಗ್ರಂಥಾಲಯಕ್ಕೆ ಹೋಗಿ. ಸೆಂದಾಯ್‌ನಲ್ಲಿ ಜನಜಂಗುಳಿಯ ನಡುವೆ ನಿಂತು ನೋಡುವುದಷ್ಟೇ ಇರುತ್ತದೆ, ಇಲ್ಲಿ ಬಯಕೆ ಬರೆದು ಬಿದಿರಿಗೆ ಕಟ್ಟಲು ನಿಮ್ಮ ಕೈಗೂ ಒಂದು ಚೀಟಿ ಬರುತ್ತದೆ.

ದುಡ್ಡಿನ ಮಾತನ್ನು ಮೊದಲು ಮುಗಿಸುತ್ತೇನೆ. ಸಾರ್ವಜನಿಕ ಗ್ರಂಥಾಲಯವು ಪ್ರವೇಶಕ್ಕಾಗಲಿ ಪುಸ್ತಕದ ಬಳಕೆಗಾಗಲಿ ಶುಲ್ಕ ಪಡೆಯಬಾರದೆಂದು 1950ರ ಗ್ರಂಥಾಲಯ ಕಾನೂನೇ ಹೇಳುತ್ತದೆ. ಅಲ್ಲಿನ ಬಿದಿರಿಗೆ ಚೀಟಿ ಕಟ್ಟಲು ನಾನು ಎಂದೂ ಒಂದು ಯೆನ್ ಕೊಟ್ಟಿಲ್ಲ.

ಪೂಜೆಯ ವಿಷಯಕ್ಕೆ ಬಂದರೆ, ಗ್ರಂಥಾಲಯದ ತನಬಾತದಲ್ಲಿ ದೇವರ ಮೂರ್ತಿಯೂ ಇಲ್ಲ, ಮಂತ್ರವೂ ಇಲ್ಲ. ಇರುವುದು ಎರಡು ನಕ್ಷತ್ರಗಳ ಕಥೆ. ಆಕಾಶದ ಒಡೆಯನ ಮಗಳು ಒರಿಹಿಮೆ ಮಗ್ಗದವಳು, ಹಿಕೊಬೊಶಿ ದನ ಕಾಯುವವನು. ಮದುವೆಯಾದ ಮೇಲೆ ಇವಳ ಮಗ್ಗ ನಿಂತಿತು, ಅವನ ದನಗಳು ದಿಕ್ಕಾಪಾಲಾದವು. ಸಿಟ್ಟಾದ ತಂದೆ ಇಬ್ಬರನ್ನೂ ಅಮನೊಗಾವ, ಅಂದರೆ ಆಕಾಶದ ಹೊಳೆಯ, ಎರಡು ದಡಗಳಿಗೆ ಅಟ್ಟಿ, ಏಳನೆಯ ತಿಂಗಳ ಏಳನೆಯ ದಿನ ಮಾತ್ರ ಕೂಡಬಹುದೆಂದು ಅಪ್ಪಣೆ ಮಾಡಿದ. ಆ ಹೊಳೆಯನ್ನೇ ನಾವು ಆಕಾಶಗಂಗೆ ಎನ್ನುವುದು. ನಮ್ಮ ಪಂಚಾಂಗದಲ್ಲಿ ಒರಿಹಿಮೆ ಅಭಿಜಿತ್ ನಕ್ಷತ್ರ, ಹಿಕೊಬೊಶಿ ಶ್ರವಣ ನಕ್ಷತ್ರ ಎಂದು ತಿಳಿದ ದಿನದಿಂದ ನನಗೆ ಈ ಕಥೆ ಪರದೇಶದ್ದೆನ್ನಿಸಿಲ್ಲ. ಹೊಸ ಕ್ಯಾಲೆಂಡರನ್ನು ಜಪಾನ್ 1873ರಲ್ಲಿ ಒಪ್ಪಿಕೊಂಡದ್ದರಿಂದ ಹಬ್ಬ ಜುಲೈ 7ಕ್ಕೆ ಬಂದು ಕೂತಿತು. ಅದು ಮಳೆಗಾಲದ ನಡುವಾದ್ದರಿಂದ ಟೋಕಿಯೊದಲ್ಲಿ ಅಂದು ನಕ್ಷತ್ರ ಕಾಣುವುದೇ ಅಪರೂಪ. ಹಳೆಯ ಚಾಂದ್ರಮಾನದ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಆಗಸ್ಟ್‌ನಲ್ಲಿ, ಅಧಿಕಮಾಸದ ಹೊಂದಾಣಿಕೆ ತಪ್ಪಿದ ವರ್ಷಗಳನ್ನು ಬಿಟ್ಟರೆ ನಮ್ಮ ನಾಗರಪಂಚಮಿಯ ಬೆನ್ನಿಗೇ ಬರುತ್ತದೆ.

ಈ ಹಬ್ಬಕ್ಕೆ ಗ್ರಂಥಾಲಯಕ್ಕಿಂತ ಸರಿಯಾದ ಜಾಗ ಇಲ್ಲವೆಂಬುದು ನನ್ನ ಅಭಿಪ್ರಾಯ, ಅದಕ್ಕೆ ಕಾರಣವೂ ಇದೆ. ಚೀನಾದಿಂದ ಬಂದು ಅರಮನೆಯಲ್ಲಿ ನೆಲೆಸಿದ ಕಾಲದಲ್ಲಿ ಇದು ನೇಯ್ಗೆ, ಹೊಲಿಗೆ, ಬರಹಗಳಲ್ಲಿ ಕೈ ಪಳಗಲಿ ಎಂದು ಬೇಡುವ ದಿನವಾಗಿತ್ತು. ಕೆಸುವಿನ ಎಲೆಯ ಮೇಲೆ ನಿಂತ ಮುಂಜಾನೆಯ ಇಬ್ಬನಿಯನ್ನು ಕೂಡಿಸಿ, ಅದರಲ್ಲಿ ಮಸಿ ತೇದು ಬರೆದರೆ ಕೈಬರಹ ಸುಧಾರಿಸುತ್ತದೆ ಎಂಬ ನಂಬಿಕೆ ಇತ್ತು. ಕೆಸುವಿನ ಎಲೆಯೆಂದರೆ ಪತ್ರೊಡೆ ಎಂದಷ್ಟೇ ತಿಳಿದು ಬೆಳೆದ ನಾನು, ಅದನ್ನು ಮಸಿಯ ಬಟ್ಟಲಿನ ನೀರಿಗಾಗಿ ಹುಡುಕಿಕೊಂಡು ಹೋಗುತ್ತಿದ್ದ ಜನರೂ ಇದ್ದರೆಂದು ಕೇಳಿ ಬೆರಗಾಗಿದ್ದೆ.

ಇನ್ನು ಅಲ್ಲಿ ನಡೆಯುವುದನ್ನು ಹೇಳುತ್ತೇನೆ. ಜುಲೈ ಮೊದಲ ದಿನಗಳಲ್ಲಿ, ಕೆಲವು ಕಡೆ ಜೂನ್ ಕೊನೆಗೇ, ಮಕ್ಕಳ ಪುಸ್ತಕಗಳ ವಿಭಾಗದ ಬಳಿ ಒಂದು ಬಿದಿರಿನ ಕೊಂಬೆ ನಿಲ್ಲುತ್ತದೆ. ಅದರ ಪಕ್ಕದ ಮೇಜಿನ ಮೇಲೆ ತಂಜಾಕು ಎಂಬ ಉದ್ದನೆಯ ಬಣ್ಣದ ಚೀಟಿಗಳೂ ಪೆನ್ನುಗಳೂ ಇರುತ್ತವೆ. ಯಾರನ್ನೂ ಕೇಳಬೇಕಾಗಿಲ್ಲ: ಒಂದು ಚೀಟಿ ತೆಗೆದುಕೊಂಡು, ಬಯಕೆಯನ್ನು ಬರೆದು, ಕೊಂಬೆಗೆ ಕಟ್ಟಿದರೆ ಆಯಿತು. ಒಬ್ಬರಿಗೆ ಒಂದೇ ಚೀಟಿ ಎಂಬುದು ಎಲ್ಲರೂ ಪಾಲಿಸುವ ಮರ್ಯಾದೆ, ಪೂರ್ಣ ಹೆಸರು ಬರೆಯದಿರುವುದು ಒಳ್ಳೆಯದು. ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ. ಜಪಾನಿಯರು ತಮ್ಮ ಚೀಟಿಯ ವಾಕ್ಯವನ್ನು ಮುಗಿಸುವ ರೀತಿಗೂ ನಮ್ಮ 'ಆಗಲಿ', 'ಬರಲಿ', 'ಇರಲಿ'ಗಳಿಗೂ ಅರ್ಥದಲ್ಲಿ ವ್ಯತ್ಯಾಸವೇ ಇಲ್ಲ. ನನ್ನ ಮಗ ಐದನೆಯ ವಯಸ್ಸಿನಲ್ಲಿ 'ನಾನು ಬುಲೆಟ್ ರೈಲು ಆಗಲಿ' ಎಂದು ನನ್ನಿಂದ ಬರೆಸಿದ್ದ. ಓಡಿಸುವವನೋ ಎಂದು ಕೇಳಿದರೆ, ಅಲ್ಲ, ರೈಲೇ ಎಂದ.

ಇದಲ್ಲದೆ ಒಹನಾಶಿಕಾಯಿ ಎಂಬ ಕಥಾಕೂಟ ಬೇರೆ ಇರುತ್ತದೆ. ಮಕ್ಕಳು ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುತ್ತಾರೆ, ಚಿತ್ರದ ಹಲಗೆಗಳನ್ನು ಒಂದೊಂದಾಗಿ ಎಳೆಯುತ್ತ ಕಥೆ ಹೇಳುವ ಕಮಿಶಿಬಾಯಿ ನಡೆಯುತ್ತದೆ, ಕೊನೆಯಲ್ಲಿ ಕಾಗದ ಮಡಚುವ ಕೆಲಸ. ಮಾತು ತಿಳಿಯದಿದ್ದರೂ ಚಿತ್ರ ತಿಳಿಯುತ್ತದೆ, ನಿಮ್ಮ ಮಗಳು ನಿಮಗಿಂತ ಬೇಗ ನಗುತ್ತಾಳೆ. ಆದರೆ ಇದರ ದಿನ, ಹೊತ್ತು, ಮಕ್ಕಳ ಸಂಖ್ಯೆ ಎಲ್ಲವೂ ಮೊದಲೇ ಗೊತ್ತಾಗಿರುತ್ತವೆ. ನಾನು ಮೊದಲ ವರ್ಷ ಕರಪತ್ರ ಓದಲಾರದೆ, ಹಬ್ಬವೆಂದರೆ ಹಬ್ಬದ ದಿನವೇ ಇರಬೇಕೆಂದು ನಂಬಿ, ಮಗಳಿಗೆ ಲಂಗ ತೊಡಿಸಿ ಜುಲೈ 7ರಂದು ಹೋದರೆ ಗ್ರಂಥಾಲಯಕ್ಕೆ ಅಂದು ರಜೆ, ಕಥಾಕೂಟ ಹಿಂದಿನ ಶನಿವಾರವೇ ಮುಗಿದಿತ್ತು. ಆದ್ದರಿಂದ ನಿಮ್ಮ ಕರಪತ್ರವನ್ನು ಮೊಬೈಲಿನಲ್ಲಿ ಅನುವಾದಿಸಿ, ತಾರೀಕು, ವಯಸ್ಸಿನ ಮಿತಿ, ಹೆಸರು ಕೊಡಬೇಕೇ ಎಂಬ ಮೂರನ್ನು ನೋಡಿಕೊಳ್ಳಿ. ಅರ್ಥವಾಗದಿದ್ದರೆ ಅದನ್ನೇ ಹಿಡಿದು ಕೌಂಟರಿಗೆ ಹೋಗಿ.

ಅಲ್ಲಿ ಅಂದೇ ಗೆಳತಿಯರು ಸಿಗುತ್ತಾರೆಂದು ನಿರೀಕ್ಷಿಸಬೇಡಿ. ಗ್ರಂಥಪಾಲಕಿ ತಲೆಬಾಗುವುದು ವಿನಯದಿಂದ, ಸ್ನೇಹದಿಂದಲ್ಲ; ಪಕ್ಕದಲ್ಲಿ ಕುಳಿತ ತಾಯಂದಿರು ನಕ್ಕು ಸುಮ್ಮನಾಗುತ್ತಾರೆ. ನನಗೆ ಮೊದಲು ಮಾತು ಸಿಕ್ಕಿದ್ದು ಎರಡನೆಯ ವರ್ಷ, ಕನ್ನಡದ ಚೀಟಿಯನ್ನು ನೋಡುತ್ತ ನಿಂತಿದ್ದ ಒಬ್ಬ ಅಜ್ಜಿಯಿಂದ: ಈ ದುಂಡು ಅಕ್ಷರ ಯಾವ ಊರಿನದು ಎಂದು ಅವರು ಕೇಳಿದರು, ಉತ್ತರ ಹೇಳುವಷ್ಟು ಜಪಾನಿ ಅಷ್ಟರಲ್ಲಿ ನನಗೆ ಬಂದಿತ್ತು.

ಹೋಗುವಾಗ ನಿಮ್ಮ ಝೈರ್ಯೂ ಕಾರ್ಡನ್ನು, ಅಂದರೆ ವಿದೇಶಿಯರಿಗೆ ಕೊಡುವ ವಾಸದ ಗುರುತಿನ ಚೀಟಿಯನ್ನು, ಒಯ್ಯಿರಿ. ಅದರಲ್ಲಿ ಈಗಿನ ವಿಳಾಸ ನಮೂದಾಗಿದ್ದರೆ ನಿಮಗೂ ಮಗಳಿಗೂ ಗ್ರಂಥಾಲಯದ ಸದಸ್ಯತ್ವ ಮಾಡಿಸಿಕೊಳ್ಳಬಹುದು. ಬಿದಿರಿನ ಪಕ್ಕದ ಕಪಾಟಿನಲ್ಲಿ ಅಷ್ಟರಲ್ಲಿ ಒರಿಹಿಮೆಯ ಕಥೆಯ ಚಿತ್ರಪುಸ್ತಕಗಳನ್ನು ಜೋಡಿಸಿಟ್ಟಿರುತ್ತಾರೆ, ಒಂದನ್ನು ಮಗಳೇ ಆರಿಸಿಕೊಳ್ಳಲಿ.