ಪುಣೆಯ ಡಾಕ್ಟರ್ ಚೀಟಿ ಹೊಸನಗರದಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಳಹಳ್ಳಿ. ಮಾವನವರಿಗೆ ಶುಗರ್, ಬಿಪಿ ಎರಡೂ ಇದೆ. ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವುದು ಕಷ್ಟ ಅಂತ ನನ್ನ ಮೈದುನ ಪುಣೆಯ ಡಾಕ್ಟರೊಬ್ಬರಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದ. ಚೀಟಿ ವಾಟ್ಸಾಪ್‌ನಲ್ಲಿ ಬಂತು. ಮೆಡಿಕಲ್ ಶಾಪ್‌ನವರು 'ಮಹಾರಾಷ್ಟ್ರದ ಡಾಕ್ಟರ್ ಚೀಟಿ ಇಲ್ಲಿ ನಡೆಯಲ್ಲ' ಅಂದರು. ಹೌದಾ? ಔಷಧಿ ಎಡವಟ್ಟಾದರೆ ಯಾರನ್ನು ಕೇಳಬೇಕು?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ನಡೆಯುತ್ತದೆ. ಲಾಕ್‌ಡೌನ್ ಶುರುವಾದ ದಿನವೇ, ಅಂದರೆ 2020ರ ಮಾರ್ಚ್ 25ರಂದು, ಟೆಲಿಮೆಡಿಸಿನ್, ಅಂದರೆ ಫೋನ್, ವಿಡಿಯೊ ಮೂಲಕ ದೂರದಿಂದ ಚಿಕಿತ್ಸೆ ಕೊಡುವ ಬಗ್ಗೆ ಮಾರ್ಗಸೂಚಿ ಹೊರಬಂತು. ಯಾವುದೇ ರಾಜ್ಯದ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿಯಾದ ವೈದ್ಯರು ದೇಶದ ಯಾವ ಮೂಲೆಯ ರೋಗಿಯನ್ನಾದರೂ ಹೀಗೆ ನೋಡಬಹುದು ಎಂದು ಅದು ಹೇಳುತ್ತದೆ. ಸಹಿ ಮಾಡಿದ ಚೀಟಿಯ ಫೋಟೊ ಸಾಕು. ಅದರಲ್ಲಿ ವೈದ್ಯರ ನೋಂದಣಿ ಸಂಖ್ಯೆ, ರೋಗಿಯ ಹೆಸರು, ತಾರೀಕು ಇರಬೇಕು. ಮೊದಲ ಸಲ ನೋಡುವಾಗ ವಿಡಿಯೊ ಇಲ್ಲದೆ ಬರೀ ಫೋನ್‌ನಲ್ಲಿ ಮಾತಾಡಿದ್ದರೆ ಜ್ವರದ ಮಾತ್ರೆ, ಓಆರ್‌ಎಸ್ ಥರದ್ದನ್ನು ಮಾತ್ರ ಬರೆಯಬಹುದಿತ್ತು. ನೀವು ವಿಡಿಯೊದಲ್ಲೇ ತೋರಿಸಿದ್ದೀರಿ, ಒಳ್ಳೆಯದಾಯಿತು. ಕಟ್ಟುನಿಟ್ಟಿನ ನಿಯಂತ್ರಣವಿರುವ 'ಶೆಡ್ಯೂಲ್ ಎಕ್ಸ್' ಪಟ್ಟಿಯ ಔಷಧಿಗಳನ್ನು, ಮಾದಕ ವಸ್ತು ಕಾಯ್ದೆಯಡಿ ಬರುವ ಔಷಧಿಗಳನ್ನು ಸಾಮಾನ್ಯವಾಗಿ ಹೀಗೆ ದೂರದಿಂದ ಬರೆಯುವಂತಿಲ್ಲ. ಶುಗರ್, ಬಿಪಿಯ ಮಾಮೂಲಿ ಮಾತ್ರೆಗಳಿಗೆ ಆ ತೊಡಕಿಲ್ಲ. ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಅದೇ ವೈದ್ಯರು ಹೊಸನಗರಕ್ಕೆ ಬಂದು ಕ್ಲಿನಿಕ್ ತೆರೆದರೆ ಕರ್ನಾಟಕದ ನೋಂದಣಿ ಕೇಳುತ್ತಾರೆ, ಮೊಬೈಲಿನಲ್ಲಿ ಬಂದರೆ ಬೇಡ. ಈ ವಿಚಿತ್ರ ಯಾರಿಗಾದರೂ ಗೊಂದಲ ತರುತ್ತದೆ.

ನಿಮ್ಮ ಎರಡನೇ ಪ್ರಶ್ನೆ ಇದಕ್ಕಿಂತ ಗಟ್ಟಿ. ವೈದ್ಯರ ನಡವಳಿಕೆ ಮೇಲೆ ದೂರಿದ್ದರೆ ಅವರು ನೋಂದಣಿಯಾದ ಕೌನ್ಸಿಲ್‌ಗೇ ಹೋಗಬೇಕು. ನಿಮ್ಮ ವಿಷಯದಲ್ಲಿ ಅದು ಮಹಾರಾಷ್ಟ್ರದ್ದು. ಬೆಂಗಳೂರಿನಲ್ಲಿರುವ ಕರ್ನಾಟಕ ಮೆಡಿಕಲ್ ಕೌನ್ಸಿಲ್ ತನ್ನ ಪಟ್ಟಿಯಲ್ಲಿಲ್ಲದವರ ಮೇಲೆ ಶಿಸ್ತು ಕ್ರಮ ತೆಗೆದುಕೊಳ್ಳಲಾರದು. ಅಂದರೆ ಚಿಕಿತ್ಸೆ ಗಡಿ ದಾಟಿ ನಿಮ್ಮ ಜಗಲಿಗೆ ಬಂತು, ದೂರು ಹೇಳಲು ಮಾತ್ರ ನೀವೇ ಗಡಿ ದಾಟಬೇಕು! ನಿಯಮ ಬದಲಾಗಬೇಕಾದ್ದು ಇಲ್ಲಿ. ಲೈಸೆನ್ಸ್ ದೇಶಕ್ಕೆಲ್ಲ ಒಂದೇ ಇರಲಿ. 2024ರಲ್ಲಿ ದೇಶದ ವೈದ್ಯರೆಲ್ಲರ ಒಂದೇ ಪಟ್ಟಿಯಾದ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರ್‌ನ ಪೋರ್ಟಲ್ ಶುರುವಾಗಿದೆ, ದಾರಿ ಆ ಕಡೆಗೇ ಇದೆ. ಆದರೆ ದೂರನ್ನು ರೋಗಿ ಇರುವ ರಾಜ್ಯದಲ್ಲೇ ತೆಗೆದುಕೊಳ್ಳಬೇಕು. ಅದನ್ನು ಯಾವ ರಾಜ್ಯಕ್ಕೆ ಕಳಿಸಬೇಕು ಅನ್ನುವುದು ಕೌನ್ಸಿಲ್‌ಗಳ ತಲೆನೋವಾಗಲಿ, ನಿಮ್ಮದಲ್ಲ.

ಅಲ್ಲಿಯವರೆಗೆ ಒಂದು ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ಪರಿಹಾರ ಕೇಳಬಹುದು. ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ ಸಾಕು. ಎರಡು ವರ್ಷದೊಳಗೆ ಹೋಗಬೇಕು. ಆದರೆ ಫೀಸ್ ಕೊಟ್ಟಿರಬೇಕು. ಮೈದುನನ ಪರಿಚಯ ಅಂತ ಸುಮ್ನೆ ನೋಡಿ ಹೇಳಿದ್ದರೆ ಈ ಬಾಗಿಲು ಮುಚ್ಚಿದಂತೆಯೇ. ಹಾಗಾಗಿ ದುಡ್ಡು ಕೊಟ್ಟೇ ತೋರಿಸಿ. ಫೋನ್‌ಪೇ ರಸೀದಿ, ಚೀಟಿ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ.

'ಹೊರಗಿನವರಿಗೆ ನಮ್ಮ ಕಡೆಯ ಕಾಯಿಲೆ ಗೊತ್ತಿರಲ್ಲ, ಅದಕ್ಕೇ ರಾಜ್ಯದ ನೋಂದಣಿ ಬೇಕು' ಅನ್ನುವವರಿದ್ದಾರೆ. ಮಾತಿನ ಮೊದಲರ್ಧ ನಿಜ. ಮಂಗನ ಕಾಯಿಲೆ 1957ರಲ್ಲಿ ಗೊತ್ತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯಲ್ಲಿ ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗಿ ಬಂದವರಿಗೆ ಜ್ವರ ಅಂದರೆ ತೀರ್ಥಹಳ್ಳಿಯ ಡಾಕ್ಟರ್ ಕಿವಿ ನೆಟ್ಟಗಾಗುತ್ತದೆ. ಪುಣೆಯವರಿಗೆ ಅದು ಹೊಳೆಯದೆ ಇರಬಹುದು. ಆದರೆ ಬೀದರ್‌ನ ಡಾಕ್ಟರಿಗೆ ಹೊಳೆಯುತ್ತದಾ? ಅವರದ್ದೂ ಕರ್ನಾಟಕದ್ದೇ ನೋಂದಣಿ ಅಲ್ವಾ? ರಾಜ್ಯದ ಲೈಸೆನ್ಸ್‌ನಿಂದ ಸ್ಥಳೀಯ ತಿಳಿವಳಿಕೆ ಬರುವುದಿಲ್ಲ. ಅದು ಬರುವುದು ರೋಗಿಯ ಪಕ್ಕ ಊರಿನ ಆರೋಗ್ಯ ಸಿಬ್ಬಂದಿ ಕೂತಾಗ. ಸರ್ಕಾರದ ಇ-ಸಂಜೀವಿನಿಯಲ್ಲಿ ಆ ವ್ಯವಸ್ಥೆ ಇದೆ. ಆರೋಗ್ಯ ಕೇಂದ್ರದವರು ರೋಗಿಯ ಜೊತೆ ಕೂತು ದೂರದ ವೈದ್ಯರಿಗೆ ತೋರಿಸುತ್ತಾರೆ. ಮಾವನವರ ಶುಗರ್‌ಗೆ ಪುಣೆ ಸರಿ. ಡಿಸೆಂಬರ್‌ನಿಂದ ಮೇ ನಡುವೆ ಮನೆಯಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ ಮೊಬೈಲ್ ಬದಿಗಿಟ್ಟು ಆರೋಗ್ಯ ಕೇಂದ್ರಕ್ಕೆ ಹೋಗಿ, ಪರೀಕ್ಷೆಗೆ ರಕ್ತ ಕೊಡಿ.

ಪ್ರಶ್ನೆ: ನನ್ನ ಅಕ್ಕನ ಮಗ ಅಮೆರಿಕದಲ್ಲಿ ಡಾಕ್ಟರ್. ಅಲ್ಲೇ ಓದಿದವನು. ಅವನು ಬರೆದುಕೊಟ್ಟ ಔಷಧಿಯನ್ನು ಇಲ್ಲಿ ತೆಗೆದುಕೊಳ್ಳಬಹುದಾ?
– ಓದುಗರು, ಸಾಗರ

ಉತ್ತರ: ಇಲ್ಲ. ಭಾರತದಲ್ಲಿ ನೋಂದಣಿ ಇಲ್ಲದವರ ಚೀಟಿಗೆ ಇಲ್ಲಿ ಬೆಲೆ ಇಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತಿರುವ ನಿಯಮವೇ. ಅಮೆರಿಕದಲ್ಲಿ ರೋಗಿ ಯಾವ ರಾಜ್ಯದಲ್ಲಿ ಕೂತಿದ್ದಾನೋ ಆ ರಾಜ್ಯದ ಲೈಸೆನ್ಸ್ ವೈದ್ಯರಿಗೆ ಇರಬೇಕು. ಈ ವಿಷಯದಲ್ಲಿ ನಮ್ಮ ದೇಶದೊಳಗಿನ ನಿಯಮವೇ ಸಡಿಲ. ಅಲ್ಲಿ ಹಲವು ರಾಜ್ಯಗಳು ಒಪ್ಪಂದ ಮಾಡಿಕೊಂಡು, 2017ರಿಂದ ಬೇರೆ ರಾಜ್ಯದ ಲೈಸೆನ್ಸ್ ಬೇಗ ಸಿಗುವಂತೆ ಮಾಡಿವೆ. ಆದರೂ ಪ್ರತಿ ರಾಜ್ಯದ್ದೂ ಬೇರೆಬೇರೆ ತೆಗೆದುಕೊಳ್ಳಲೇಬೇಕು. ಅವನು ನಿಮ್ಮ ರಿಪೋರ್ಟ್ ನೋಡಲಿ, ಸಲಹೆ ಕೊಡಲಿ. ಆ ಸಲಹೆಯನ್ನು ಸಾಗರದಲ್ಲಿ ನಿಮ್ಮನ್ನು ನೋಡುವ ಡಾಕ್ಟರಿಗೆ ತೋರಿಸಿ, ಔಷಧಿಯನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ.