ಕೊರಿಯನ್ ಅಲ್ಲದ ನಾನು ಕೆ-ಪಾಪ್ ಐಡಲ್ ಆಗೋದು ತಪ್ಪಾ?

ಪ್ರಶ್ನೆ: ನನಗೆ 17 ವರ್ಷ, ಹಾಸನದವಳು, ಸೆಕೆಂಡ್ ಪಿಯುಸಿ. ಚಿಕ್ಕಂದಿನಿಂದ ಭರತನಾಟ್ಯ ಕಲಿತಿದ್ದೇನೆ, ಈಗ ಕೊರಿಯಾದ ಪಾಪ್ ಸಂಗೀತ, ಅಂದ್ರೆ ಕೆ-ಪಾಪ್ ಡ್ಯಾನ್ಸೇ ಜೀವ. ಅಲ್ಲಿನ ಗುಂಪುಗಳಲ್ಲಿ ಹಾಡಿ ಕುಣಿಯುವ ‘ಐಡಲ್’ ಆಗಬೇಕು ಅಂದಿದ್ದಕ್ಕೆ ನಮ್ಮ ಫ್ಯಾನ್ ಗ್ರೂಪಿನಲ್ಲಿ ‘ನೀನು ಕೊರಿಯನ್ ಅಲ್ಲ, ಅವರದ್ದನ್ನ ಕದಿಯಬೇಡ’ ಅಂತ ಬೈದರು. ಬೆಳ್ಳಗಾಗೋಕೆ ಕ್ರೀಮ್ ಹಚ್ಚುತ್ತಿದ್ದೇನೆ. ಒಬ್ಬರು 60,000 ರೂಪಾಯಿ ಕೊಟ್ಟರೆ ಆಡಿಷನ್ ಕೊಡಿಸ್ತೀನಿ ಅಂತಿದ್ದಾರೆ. ಅಪ್ಪನಿಗೆ ಏನೂ ಗೊತ್ತಿಲ್ಲ.

ಉತ್ತರ: ತಂಗಿ, ಮೊದಲು ದುಡ್ಡಿನ ವಿಷಯ. ಒಂದು ರೂಪಾಯಿನೂ ಕೊಡಬೇಡ. ಐಡಲ್‌ಗಳನ್ನ ತಯಾರು ಮಾಡುವ ದೊಡ್ಡ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲೇ ವಿಡಿಯೋ ತೆಗೆದುಕೊಳ್ಳುತ್ತವೆ, ಅದಕ್ಕೆ ಫೀಸ್ ಇಲ್ಲ, ಮಧ್ಯವರ್ತಿ ಬೇಕಿಲ್ಲ. ಆ ನಂಬರ್ ಬ್ಲಾಕ್ ಮಾಡು.

ಕ್ರೀಮನ್ನೂ ಬಿಡು. ಆದರೆ ನೀನಾಗೇ ತಟ್ಟನೆ ನಿಲ್ಲಿಸಬೇಡ, ಮೊದಲು ಚರ್ಮದ ಡಾಕ್ಟರಿಗೆ ಟ್ಯೂಬ್ ತೋರಿಸು. ಇಂಥ ಎಷ್ಟೋ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ತಟ್ಟನೆ ಬಿಟ್ಟರೆ ಮುಖ ಕೆಂಪಾಗಿ ಉರಿಯಬಹುದು. ಬಿಳಿ ಬಣ್ಣದ ಹುಚ್ಚು ಕೊರಿಯಾದಲ್ಲೂ ಇದೆ, ಇಲ್ಲ ಅಂತ ಸುಳ್ಳು ಹೇಳಲಾರೆ. ಆದರೂ ಸೆನೆಗಲ್‌ನಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ಬೆಳೆದ ಫಾಟು ತನ್ನ ಬಣ್ಣದಲ್ಲೇ ಬ್ಲ್ಯಾಕ್‌ಸ್ವಾನ್ ಅನ್ನುವ ಕೆ-ಪಾಪ್ ಗುಂಪಿನಲ್ಲಿ ರ‍್ಯಾಪ್ ಮಾಡಿದ್ದಾಳೆ. ಅದೇ ಗುಂಪಿಗೆ 2022ರಲ್ಲಿ ಸೇರಿದವಳು ಒಡಿಶಾದ ರೂರ್ಕೆಲಾದ ಶ್ರೇಯಾ ಲೆಂಕಾ, ಒಡಿಸ್ಸಿ ಕಲಿತ ಹುಡುಗಿ. ಮಾರನೇ ವರ್ಷ ಕೇರಳದ ಆರಿಯಾ ಎಕ್ಸ್‌ಇನ್ ಗುಂಪಿನಲ್ಲಿ ಬಂದಳು. ಅದಕ್ಕೂ ಎಷ್ಟೋ ಮುಂಚೆ, 2008ರಲ್ಲೇ, 2ಪಿಎಂ ಅನ್ನುವ ಹುಡುಗರ ಗುಂಪಿನಲ್ಲಿ ಥಾಯ್ ಮೂಲದ ನಿಚ್‌ಖುನ್ ಇದ್ದ.

ಹಾಗಂತ ನಿನ್ನ ಗ್ರೂಪಿನವರ ಸಿಟ್ಟಿನಲ್ಲಿ ಏನೂ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಇಎಕ್ಸ್‌ಪಿ ಎಡಿಷನ್ ಅಂತ ಒಂದು ಹುಡುಗರ ಗುಂಪು ನ್ಯೂಯಾರ್ಕಿನಲ್ಲಿ ಕಾಲೇಜು ಪ್ರಾಜೆಕ್ಟ್ ಆಗಿ ಶುರುವಾಗಿ, 2017ರಲ್ಲಿ ಕೊರಿಯಾದಲ್ಲಿ ಹಾಡು ಬಿಟ್ಟಾಗ ಫ್ಯಾನ್‌ಗಳು ಕೆರಳಿದರು. ಅವರು ಕೊರಿಯನ್ ಅಲ್ಲ ಅನ್ನುವುದು ಒಂದು ಕಡೆ. ಅಲ್ಲಿನ ಮಕ್ಕಳು ವರ್ಷಗಟ್ಟಲೆ ಟ್ರೇನಿಗಳಾಗಿ ಬೆವರು ಸುರಿಸಿ ಹತ್ತುವ ಸ್ಟೇಜನ್ನ ಇವರು ಅಡ್ಡದಾರಿಯಲ್ಲಿ ಹತ್ತಿದರು ಅನ್ನುವ ನೋವು ಇನ್ನೊಂದು ಕಡೆ. ನನಗೆ ಈ ಎರಡನೇದು ನ್ಯಾಯವಾಗಿಯೇ ಕಾಣುತ್ತದೆ. ಥಾಯ್ಲೆಂಡಿನ ಲಿಸಾಳನ್ನೇ ನೋಡು, 2010ರಲ್ಲಿ ಬ್ಯಾಂಕಾಕಿನ ಆಡಿಷನ್‌ನಲ್ಲಿ ಗೆದ್ದು, ಮರುವರ್ಷ ಭಾಷೆ ಬಾರದ ಊರಿಗೆ ಹೋಗಿ, ಐದು ವರ್ಷ ಟ್ರೇನಿಂಗ್ ಮಾಡಿ, 2016ರಲ್ಲಿ ಬ್ಲ್ಯಾಕ್‌ಪಿಂಕ್ ಗುಂಪಿನವಳಾದಳು. ಅವಳು ಕದ್ದಳು ಅಂತ ಯಾರಾದರೂ ಅಂತಾರಾ?

ಹಾಗಾಗಿ ಕೊರಿಯನ್ ಥರ ಕಾಣೋಕೆ ಒದ್ದಾಡುವ ಟೈಮನ್ನ ಕೊರಿಯನ್ ಭಾಷೆ ಕಲಿಯೋಕೆ ಕೊಡು. ಹಂಗುಲ್ ಅಕ್ಷರ ಸಲೀಸು, ಆದರೆ ದೊಡ್ಡವರ ಜೊತೆ, ಓರಗೆಯವರ ಜೊತೆ ಮಾತು ಬದಲಾಗುವ ರೀತಿ ಕಷ್ಟ, ಅಲ್ಲಿ ಮರ್ಯಾದೆ ಇರೋದೇ ಅದರಲ್ಲಿ. ನಿನ್ನ ಭರತನಾಟ್ಯದ ಅರೆಮಂಡಿ ಭಂಗಿ ವ್ಯರ್ಥ ಅಲ್ಲ, ಕಾಲಿಗೆ ಆ ಬಲ ಇದ್ದವರು ಕಡಿಮೆ. ಜಾಸ್ತಿ ಜನ ಸೋಲೋದು ಉಸಿರಿನಲ್ಲಿ. ಒಂದು ಪೂರ್ತಿ ಹಾಡನ್ನ ಕುಣಿಯುತ್ತಲೇ ಹಾಡಿ, ಫಿಲ್ಟರ್ ಇಲ್ಲದೆ, ಹಗಲು ಬೆಳಕಿನಲ್ಲಿ ಫೋನಲ್ಲಿ ರೆಕಾರ್ಡ್ ಮಾಡು. ಎರಡನೇ ಚರಣಕ್ಕೆ ದನಿ ಎಲ್ಲಿ ಒಡೆಯುತ್ತೆ ಅಂತ ನಿನಗೇ ಗೊತ್ತಾಗುತ್ತೆ.

ಇನ್ನೊಂದು ಮಾತು. ಐಡಲ್‌ಗಳ ಫ್ಲೈಟ್ ನಂಬರ್, ಮನೆ ವಿಳಾಸ ಹುಡುಕಿ ಹಂಚುವವರು ಯಾವ ಗ್ರೂಪಿನಲ್ಲಿದ್ದರೂ ಅಲ್ಲಿಂದ ಹೊರಗೆ ಬಾ. ಕೊರಿಯಾದಲ್ಲಿ ಅಂಥವರನ್ನ ಸಾಸೇಂಗ್ ಅಂತಾರೆ, ಅವರ ಕಾಟಕ್ಕೆ ಐಡಲ್‌ಗಳು ಹೈರಾಣಾಗಿದ್ದಾರೆ. ನಾಳೆ ಆ ಜಾಗದಲ್ಲಿ ನೀನೇ ಇರಬೇಕು ಅಂತ ಆಸೆ ಪಡುತ್ತಿದ್ದೀಯ, ಅಲ್ವಾ?

ಅಪ್ಪನಿಗೆ ಹೇಳಲೇಬೇಕು, ನಿನ್ನ ವಯಸ್ಸಿಗೆ ಹೆತ್ತವರ ಒಪ್ಪಿಗೆ ಇಲ್ಲದೆ ಕಾಂಟ್ರಾಕ್ಟ್ ಆಗೋದಿಲ್ಲ. ‘ಆಗದಿದ್ರೆ ಮುಂದೇನು?’ ಅಂತ ಅವರು ಕೇಳೇ ಕೇಳ್ತಾರೆ. ಟ್ರೇನಿಗಳಲ್ಲಿ ಬಹಳ ಜನ ಸ್ಟೇಜಿಗೆ ಬರೋದೇ ಇಲ್ಲ, ಆ ಭಯ ಸರಿಯಾದದ್ದೇ. ಪಿಯುಸಿ ಚೆನ್ನಾಗಿ ಮುಗಿಸ್ತೀನಿ, ಜೊತೆಗೆ ಟೋಪಿಕ್ ಪರೀಕ್ಷೆ ಕಟ್ಟುತ್ತೀನಿ ಅನ್ನು. ಅದು ಕೊರಿಯನ್ ಭಾಷೆಯ ಪರೀಕ್ಷೆ, ಆರು ಹಂತ. ಸ್ಯಾಮ್ಸಂಗ್, ಎಲ್‌ಜಿ ಕಚೇರಿಗಳು ಬೆಂಗಳೂರಲ್ಲೇ ಇವೆ, ಭಾಷೆ ಬಂದವಳಿಗೆ ಬೇರೆ ದಾರಿಗಳೂ ಇರುತ್ತವೆ ಅಂತ ಅಪ್ಪನಿಗೆ ಬಿಡಿಸಿ ಹೇಳು. ಆಮೇಲೆ ನಿನ್ನ ವಿಡಿಯೋ ತೋರಿಸು.