ಸ್ಕಿನ್ನಿ ಜೀನ್ಸ್: ಸೊಂಟ ನೋಡಿ ತಗೊಳ್ಳಬೇಕಾ, ತೊಡೆ ನೋಡಿ ತಗೊಳ್ಳಬೇಕಾ?

30 ಹಾಕಿದರೆ ಸೊಂಟಕ್ಕೆ ಸರಿ, ತೊಡೆಗೆ ಬಿಗಿ. 32 ಹಾಕಿದರೆ ತೊಡೆಗೆ ಸರಿ, ಸೊಂಟ ಸಡಿಲ, ಯಾವುದು ತಗೊಳ್ಳಲಿ ಎಂದು ಕೇಳಿದ್ದೀರಿ. ನಾನಾದರೆ 32 ತಗೊಳ್ಳುತ್ತೇನೆ. ಸೊಂಟವನ್ನು ಟೈಲರ್ ಹತ್ತಿರ ಹಿಡಿಸಬಹುದು, ಸುಲಭದ ಕೆಲಸ. ತೊಡೆ ಬಿಗಿಯಾದರೆ ಬಿಡಿಸೋಣ ಅಂದರೆ ಹೊಲಿಗೆಯ ಒಳಗೆ ಬಟ್ಟೆಯೇ ಇರುವುದಿಲ್ಲ.

ಪಟ್ಟಿಯ ಮೇಲಿನ ನಂಬರನ್ನು ಜಾಸ್ತಿ ನಂಬಬೇಡಿ. 32 ಅಂದರೆ ಸೊಂಟ 32 ಇಂಚು ಅಂತ ಲೆಕ್ಕ, ಆದರೆ ಟೇಪ್ ಹಿಡಿದು ನೋಡಿದರೆ ಎಷ್ಟೋ ಪ್ಯಾಂಟ್‌ಗಳು ಅದಕ್ಕಿಂತ ದೊಡ್ಡದೇ ಇರುತ್ತವೆ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ, ನಿಮಗೆ ಚೆನ್ನಾಗಿ ಕೂರುವ ಹಳೆಯ ಸ್ಕಿನ್ನಿ ಪ್ಯಾಂಟನ್ನೇ ಬಟನ್ ಹಾಕಿ ನೆಲದ ಮೇಲೆ ಹರಡಿ ಅಳೆಯಿರಿ. ಸೊಂಟ, ಸೀಟು, ಕಾಲುಗಳು ಕೂಡುವ ಜಾಗದ ಸ್ವಲ್ಪ ಕೆಳಗೆ ತೊಡೆ, ಆಮೇಲೆ ಮೀನಖಂಡ. ಎಲ್ಲವನ್ನೂ ಎರಡರಿಂದ ಗುಣಿಸಿ, ಆನ್‌ಲೈನ್‌ನಲ್ಲಿ ಕೊಟ್ಟಿರುವ ಪ್ಯಾಂಟಿನ ಅಳತೆಯ ಜೊತೆ ಹೋಲಿಸಿ. ಮೈಗೆ ಟೇಪ್ ಸುತ್ತಿ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹಿಗ್ಗುವ ಜೀನ್ಸನ್ನು ಮೈಯಳತೆಗಿಂತ ಚಿಕ್ಕದಾಗಿಯೇ ಹೊಲಿದಿರುತ್ತಾರೆ.

ಆ ಹಿಗ್ಗು ಬರುವುದು ಎಲಾಸ್ಟೇನ್‌ನಿಂದ. ಸ್ಪ್ಯಾಂಡೆಕ್ಸ್, ಲೈಕ್ರಾ ಅಂತ ಬರೆದಿದ್ದರೂ ಅದೇ. ನೂರಕ್ಕೆ 1ರಿಂದ 3 ಭಾಗ ಇದ್ದರೂ ಸಾಕು, ಬಟ್ಟೆ ಎಳೆದಾಗ ಹಿಗ್ಗಿ ವಾಪಸ್ ಬರುತ್ತದೆ. ಒಳಗಿನ ಪಟ್ಟಿಯಲ್ಲಿ ಬರೀ ಕಾಟನ್ ಅಂತ ಇದ್ದರೆ ಸ್ಕಿನ್ನಿಯಲ್ಲಿ ಅದನ್ನು ಬಿಟ್ಟುಬಿಡಿ. ಮಂಡಿ ಮಡಚಲು ಕಷ್ಟ, ಮಡಚಿ ಮಡಚಿ ಅಲ್ಲೇ ಉಬ್ಬಿಕೊಳ್ಳುತ್ತದೆ.

ಟ್ರಯಲ್ ರೂಮಿನಲ್ಲಿ ಸುಮ್ನೆ ನಿಂತು ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸುಕ್ಕುಗಳನ್ನು ನೋಡಿ. ಜಿಪ್‌ನ ಬುಡದಿಂದ ಎರಡೂ ಕಡೆಗೆ ಅಡ್ಡಡ್ಡ ಗೆರೆ ಎಳೆದ ಹಾಗೆ ಸುಕ್ಕು ಬಿದ್ದರೆ, ಪಕ್ಕದ ಜೇಬುಗಳು ಬಾಯಿ ಬಿಟ್ಟುಕೊಂಡರೆ, ಸೀಟಿನ ಹತ್ತಿರ ಬಿಗಿಯಾಗಿದೆ ಅಂತಲೇ ಅರ್ಥ. ಮಂಡಿಯ ಹಿಂದೆ ಬೀಳುವ ಸುಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಎಲ್ಲರಿಗೂ ಬೀಳುತ್ತದೆ. ಆಮೇಲೆ ಪೂರ್ತಿ ಕುಕ್ಕರಗಾಲಲ್ಲಿ ಕೂತು ಎದ್ದು ನೋಡಿ. ಎದ್ದ ಮೇಲೆ ಕಾಲಿನ ಬಟ್ಟೆ ತಾನಾಗಿಯೇ ಕೆಳಗೆ ಇಳಿಯಬೇಕು. ಮೀನಖಂಡದ ಮೇಲೆ ಸಿಕ್ಕಿಕೊಂಡು ಅಲ್ಲೇ ನಿಂತರೆ, ಆ ಕಟ್ ನಿಮ್ಮ ಕಾಲಿಗೆ ಆಗಿಬರುವುದಿಲ್ಲ. ಸೈಜ್ ಹೆಚ್ಚಿಸುವ ಬದಲು ಸ್ಕಿನ್ನಿಗಿಂತ ಸ್ವಲ್ಪ ಸಡಿಲ ಇರುವ ಸ್ಲಿಮ್ ಫಿಟ್ ನೋಡಿ. ಕೂತಾಗ ಬೆನ್ನ ಕಡೆ ಸೊಂಟದ ಪಟ್ಟಿ ಕೆಳಗೆ ಜಾರಿದರೂ ತಕ್ಷಣ ಸೈಜ್ ಬದಲಿಸಬೇಡಿ. ಎಷ್ಟೋ ಸಲ ಅದು ಸೈಜಿನ ತೊಂದರೆಯಲ್ಲ, ಲೋ ರೈಸ್, ಅಂದರೆ ಪಟ್ಟಿ ಸೊಂಟಕ್ಕಿಂತ ಕೆಳಗೆ ಕೂರುವ ಕಟ್ ಆಗಿರುವುದರ ತೊಂದರೆ. ಅದೇ ಸೈಜಿನಲ್ಲಿ ಪಟ್ಟಿ ಮೇಲೆ ಕೂರುವ ಹೈ ರೈಸ್ ಹಾಕಿ ನೋಡಿ.

‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಅಂತ ಯಾರಾದರೂ ಹೇಳಿದರೆ ಒಂದು ವಿಷಯ ನೆನಪಿಡಿ. ಸೊಂಟದ ಹತ್ತಿರ ತುಂಬಾ ಬಿಗಿಯಾದರೆ ತೊಡೆಯ ಹೊರಭಾಗಕ್ಕೆ ಹೋಗುವ ನರ ಒತ್ತಿಹೋಗಿ ಜೋಮು, ಉರಿ ಬರಬಹುದು. ವೈದ್ಯರು ಅದನ್ನು ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಅನ್ನುತ್ತಾರೆ. ಅಂಥ ಪ್ಯಾಂಟ್ ಎಷ್ಟೇ ಚೆನ್ನಾಗಿ ಕಂಡರೂ ಬೇಡ.

32 ತಗೊಂಡರೆ ಟೈಲರ್ ಹತ್ತಿರ ಓಡುವ ಮೊದಲು ಒಂದು ಸಲ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಡ್ರೈಯರ್ ಬೇಡ, ಬಿಸಿಗೆ ಎಲಾಸ್ಟೇನ್ ಹಾಳಾಗುತ್ತದೆ. ಕುಗ್ಗುವಷ್ಟು ಕುಗ್ಗಿದ ಮೇಲೆ ಒಂದು ದಿನ ಪೂರ್ತಿ ಹಾಕಿಕೊಂಡು, ಸೊಂಟ ಎಷ್ಟು ಹಿಡಿಸಬೇಕು ಅಂತ ಆಗ ನೋಡಿ.